ರೇವಲ್ಚಿನ್ನಿಯ ಬೀಜ, ತಿಗಡೆಯ ಬೇರು

ಕಾಷ್ಠೌಷಧಿಯ ಅಂಗಡಿಯಲ್ಲಿ ರೇವಲ್ಚಿನ್ನಿಯನ್ನು ಕೇಳಿದವನ ಕೈಗೆ ಬರುವುದು ಒಂದು ಒಣಬೇರಿನ ತುಂಡು. ಜಗಿದರೆ ಉಗುಳನ್ನು ಅರಿಸಿನದ ಬಣ್ಣಕ್ಕೆ ತಿರುಗಿಸಿ, ಹಲ್ಲಿನ ನಡುವೆ ಮರಳಿನಂತೆ ಕರಕರಗುಟ್ಟುವಂಥದು. ಅದರ ಗಿಡವನ್ನು ನೋಡಬೇಕೆಂದರೆ ಹಿಮಾಲಯದ ಎತ್ತರಗಳನ್ನೋ ಚೀನದ ಪಶ್ಚಿಮದ ಬೆಟ್ಟಗಳನ್ನೋ ಏರಬೇಕು. ಪಾರಸಿಯ ‘ರೇವಂದ್’ ಚೀನದ ಹೆಸರಿನೊಡನೆ ಕೂಡಿ ನಮ್ಮ ನಾಲಗೆಯ ಮೇಲೆ ಸವೆದ ಬಗೆಯೇ ಅದು ನಡೆದ ದಾರಿಯನ್ನು ಹೇಳುತ್ತದೆ.

ಎಲೆಯನ್ನು ಕಿತ್ತರೆ ಗಿಡ ಮತ್ತೆ ಚಿಗುರೀತು, ಬೇರನ್ನು ಅಗೆದರೆ ಗಿಡವೇ ತೀರಿತು. ಆದುದರಿಂದ ಬೇರಿನ ವ್ಯಾಪಾರ ಬೆಳೆದಲ್ಲೆಲ್ಲ ಬೀಜದ ಚಿಂತೆಯೂ ಹುಟ್ಟಿಯೇ ಹುಟ್ಟುತ್ತದೆ. ರಷ್ಯದ ಅರಮನೆಯ ವೈದ್ಯನಾಗಿದ್ದ ಜೇಮ್ಸ್ ಮೌನ್ಸಿ 1762ರಲ್ಲಿ ಸ್ಕಾಟ್ಲೆಂಡಿಗೆ ಮರಳುವಾಗ ತಂದ ಬೀಜವನ್ನು ಜಾನ್ ಹೋಪ್ ಎಡಿನ್‌ಬರೊದ ಸಸ್ಯೋದ್ಯಾನದಲ್ಲಿ ಬೆಳೆಸಿ, 1765ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದನು. ಆದರೆ ಈ ಕುಲದ ಜಾತಿಗಳು ನೆರೆಹೊರೆಯಲ್ಲಿ ಹೂಬಿಟ್ಟರೆ ಸುಲಭವಾಗಿ ಸಂಕರಗೊಳ್ಳತಕ್ಕವು; ತಾಯಿಯ ಗುಣ ಸಸಿಗೆ ಇಳಿದಿದೆಯೋ ಇಲ್ಲವೋ ಎಂಬುದು ಹಲವು ವರುಷ ಕಾದು ಬೇರನ್ನು ಅಗೆದ ಮೇಲೆಯೇ ತಿಳಿಯುವಂಥದಾದ್ದರಿಂದ, ಅರಿವುಳ್ಳ ಬೆಳೆಗಾರರು ಬೀಜವನ್ನು ನೆಚ್ಚದೆ ಮೊಗ್ಗುಳ್ಳ ಬೇರಿನ ಹೋಳನ್ನೇ ನೆಡತೊಡಗಿದರು.

ರಾಯಣ್ಣನ ಸಮಾಧಿಯಿಂದ ನಾಡೆಲ್ಲ ಬಲ್ಲ ನಂದಗಡದ ಹಿತ್ತಿಲಲ್ಲಿ ಇದನ್ನು ಬಿತ್ತುವ ಆಸೆ ಫಲಿಸುವುದು ಕಷ್ಟ. ಅದಕ್ಕೆ ಮೈಮರೆತು ಮಲಗಲು ಕೊರೆಯುವ ಚಳಿಗಾಲ ಬೇಕು. ಖಾನಾಪುರದ ಸೀಮೆ ಕೊಡುವುದಾದರೋ ತಿಂಗಳುಗಟ್ಟಲೆ ಸುರಿದು ಬೇರನ್ನು ಕೊಳೆಯಿಸುವ ಮಳೆಯನ್ನು. ನನ್ನ ಮತವೇನೆಂದರೆ, ವಿರೇಚನಕ್ಕೆ ಈ ಸೀಮೆಯ ರೇವಲ್ಚಿನ್ನಿ ತಿಗಡೆಯೇ. ಮರಾಠಿ ಮಾತಿನವರು ನಿಶೋತ್ತರವೆಂದೂ ಸಂಸ್ಕೃತದವರು ತ್ರಿವೃತ್ತೆಂದೂ ಕರೆಯುವ ಬಳ್ಳಿ. ಸುಖವಾಗಿ ವಿರೇಚನ ಮಾಡಿಸುವ ದ್ರವ್ಯಗಳಲ್ಲಿ ಚರಕಸಂಹಿತೆ ಇದಕ್ಕೆ ಮೊದಲ ಮಣೆ ಹಾಕಿ, ಕಲ್ಪಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಶ್ಯಾಮವರ್ಣದ ಬೇರಿಗಿಂತ ಅರುಣವರ್ಣದ್ದು ಮೇಲೆಂಬ ವಿವೇಕವೂ ಅಲ್ಲಿಯದೇ. (ವೈದ್ಯನನ್ನು ಕೇಳದೆ ಸೇವಿಸಿದವನಿಗೆ ಆ ಸುಖ ಬಹಳ ಹೊತ್ತು ಉಳಿಯದು.)

ಲಿನೇಯಸ್ 1753ರಲ್ಲಿ ಹೆಸರಿಟ್ಟ ಈ ಬಳ್ಳಿಯನ್ನು ಡೈಮಾಕ್, ವಾರ್ಡನ್, ಹೂಪರ್ ಎಂಬ ಮೂವರು 1890ರಿಂದ 1893ರವರೆಗೆ ಹೊರತಂದ ‘ಫಾರ್ಮಕೊಗ್ರಾಫಿಯಾ ಇಂಡಿಕಾ’ದಲ್ಲಿ ವಿವರಿಸಿದರು. 2000ದಲ್ಲಿ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿ ಹುಟ್ಟಿತು. 2006ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವೈದ್ಯಕೀಯ ಸಂಶೋಧನಾ ಕೇಂದ್ರ ಈಗ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿದೆ. ಹಿತ್ತಿಲ ಬಳ್ಳಿಯ ಪಾಲಿಗೆ ಇವೆಲ್ಲ ದೂರದ ಸುದ್ದಿ.

ಹತ್ತಿರದ ಸುದ್ದಿ ಬೀಜದ್ದು. ಏಣುಗಳುಳ್ಳ ಕಾಂಡದ ಮೇಲೆ ಬಿಳಿಯ ಹೂವರಳಿ ಉದುರಿದ ತರುವಾಯ ಕಾಯಿ ಮಾಗುತ್ತದೆ. ಒಣಗಿದಾಗ ಅದರ ನೆತ್ತಿ ಕರಡಿಗೆಯ ಮುಚ್ಚಳದಂತೆ ಕಳಚಿಕೊಳ್ಳುತ್ತದೆ. ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ಮೂಲ ಆ ಮುಚ್ಚಳವೇ. ಒಳಗಿನ ನಾಲ್ಕೇ ಕಪ್ಪು ಬೀಜಗಳ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ. ಹಾಗೆಯೇ ಬಿತ್ತಿದವನು ಮುಂಗಾರು ಕಳೆದರೂ ಮಣ್ಣನ್ನೇ ನೋಡುತ್ತಿರಬೇಕಾದೀತು. ಒರಟುಗಲ್ಲಿನ ಮೇಲೆ ಬೀಜದ ಒಂದು ಮಗ್ಗುಲನ್ನು ಮೆಲ್ಲನೆ ಉಜ್ಜಿ, ರಾತ್ರಿ ನೀರಿನಲ್ಲಿಟ್ಟು, ಬೆಳಗ್ಗೆ ಉಬ್ಬಿದವನ್ನು ಮಣ್ಣಿಗಿಡಬೇಕು. ಉಬ್ಬದೆ ಉಳಿದವು ಮತ್ತೆ ಕಲ್ಲಿಗೆ.