ಕುಂಬಳಕಾಯಿ ತಿನ್ನುವ ಪ್ರಾಣಿಗಳ ಚರಿತ್ರೆ

ನಮ್ಮ ಹೊಲದ ಸಿಹಿಗುಂಬಳದ ಮೂಲ ಈ ದೇಶವಲ್ಲ, ಅಮೆರಿಕ ಖಂಡ. (ಬೂದುಗುಂಬಳ ಬೇರೆ, ಅದು ಏಷ್ಯಾದ್ದೇ.) ಅಲ್ಲಿನ ಕಾಡುಗುಂಬಳ ವಿಪರೀತ ಕಹಿ, ಸಣ್ಣ ಪ್ರಾಣಿಗಳಿಗೆ ತಡೆಯದು. ಮತ್ತೆ ತಿಂತಿದ್ದದ್ದು ಯಾರಪ್ಪಾ ಅಂದ್ರೆ ಆನೆಯ ದೂರದ ನೆಂಟ ಮ್ಯಾಸ್ಟೊಡಾನ್. ಫ್ಲೋರಿಡಾದಲ್ಲಿ ಸಿಕ್ಕ ಅದರ 12,000 ವರ್ಷಕ್ಕೂ ಹಳೆಯ ಲದ್ದಿಯಲ್ಲಿ ಕುಂಬಳದ ಬೀಜಗಳಿದ್ದವು. ಬಿತ್ತನೆಯೂ ಅದರದ್ದೇ, ಗೊಬ್ಬರವೂ ಅದರದ್ದೇ! ಆ ದೈತ್ಯಗಳು ಅಳಿದ ಮೇಲೆ ಕಾಡುಗುಂಬಳವೂ ಕ್ಷೀಣಿಸಿತೆಂದು 2015ರಲ್ಲಿ ವಿಜ್ಞಾನಿಗಳು ಬರೆದರು. ಉಳಿಸಿಕೊಂಡವನು ರೈತ. ಮೆಕ್ಸಿಕೋದ ಓಹಾಕಾದಲ್ಲಿ ಸುಮಾರು 10,000 ವರ್ಷದ ಹಿಂದೆಯೇ ಬೆಳೆದರು. ಬರಬರುತ್ತಾ ಕಹಿ ಹೋಗಿ ಸಿಹಿ ಬಂತು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ನಂತರದ ಕಾಲದಲ್ಲಿ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು.

ಈಗಿನ ತಂಟೆಗೆ ಆ ಸಿಹಿಯೇ ಕಾರಣ. ಕಹಿ ಅನ್ನೋದು ಬಳ್ಳಿಯ ಬೇಲಿ. ಅದನ್ನು ಕಿತ್ತವರು ನಾವೇ. ಹಸು, ಎಮ್ಮೆಗೆ ಹೆಚ್ಚಿ ಹಾಕಿದರೆ ಆಸೆಯಿಂದ ತಿಂತವೆ (ದಪ್ಪ ಹೋಳು ಬೇಡ, ಗಂಟಲಿಗೆ ಸಿಕ್ಕೀತು). ಕರೆಯದೆ ಬರೋವು ಕಾಡಂಚಿನಲ್ಲಿ ಆನೆ, ಉಳಿದ ಕಡೆ ಮುಳ್ಳುಹಂದಿ, ಕಾಡುಹಂದಿ. ಆನೆಗಾದರೂ ನೆಂಟಸ್ತನದ ಹಕ್ಕು ಉಂಟು ಅನ್ನೋಣ. ಕಾಡುಹಂದಿ ಮಾತ್ರ ತಿನ್ನೋದಕ್ಕಿಂತ ಕೆಡಿಸೋದೇ ಜಾಸ್ತಿ. ಒಂದು ರಾತ್ರಿಗೆ ಬಳ್ಳಿ ಸಮೇತ ಹೊಲ ಉತ್ತು ಹಾಕುತ್ತೆ, ಸಾಲದ ಕಂತು ಹಂಗೇ ಉಳಿಯುತ್ತೆ.