ಮಕ್ಕಳ ಪತ್ರಿಕೆಗಳಲ್ಲಿ ಓದುಗ ಮಕ್ಕಳ ಪಾಲು: ಮಧುಗಿರಿ ಶೈಕ್ಷಣಿಕ ಜಿಲ್ಲೆ

ಮಕ್ಕಳಿಗಾಗಿ ಹೊರಡುವ ಪತ್ರಿಕೆಗಳಿಗೆ ಮಕ್ಕಳೇ ಕತೆ, ಪದ್ಯ, ಚಿತ್ರ, ಪ್ರಶ್ನೆ, ಒಗಟಿನ ಉತ್ತರ ಬರೆದು ಕಳಿಸುವ ರೂಢಿಯೂ ಶಾಲೆಯಲ್ಲಿ ತಾವೇ ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆ ಹೊರಡಿಸುವ ರೂಢಿಯೂ ಈ ಲೇಖನದ ವಿಷಯ. ತುಮಕೂರು ಕಂದಾಯ ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿ ಪ್ರತ್ಯೇಕ ಜಿಲ್ಲೆಯಾಗಿ ಕಾಣುವುದು ಇದರಿಂದಲೇ.

ದಾಖಲೆಯ ತೊಡಕು

ಕನ್ನಡ ಮಕ್ಕಳ ಪತ್ರಿಕೋದ್ಯಮದ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ ಪತ್ರಿಕೆಗಳ ಹೆಸರು, ಸಂಪಾದಕರು, ಆರಂಭದ ವರ್ಷ ಇಷ್ಟನ್ನು ಕೊಟ್ಟು ಮುಂದೆ ಹೋಗುತ್ತವೆ. ಆ ಪತ್ರಿಕೆಗಳಲ್ಲಿ ಬರೆದವರು ಬಹುಪಾಲು ದೊಡ್ಡವರು. ಮಗುವಿನ ಹೆಸರು ಎಲ್ಲಿ, ಯಾವ ನೆಪದಲ್ಲಿ ಅಚ್ಚಾಯಿತು ಎಂದು ಹುಡುಕಿದರೆ ಚರಿತ್ರೆಯ ಆಕಾರವೇ ಬೇರೆಯಾಗುತ್ತದೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನು (1936) ಕೆಲವೊಮ್ಮೆ ಮಕ್ಕಳ ಪತ್ರಿಕೆಗಳ ಸಾಲಿಗೆ ಸೇರಿಸುವುದುಂಟು, ಅದು ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ, ಅದರಲ್ಲಿ ಓದುಗರ ಬರಹಕ್ಕೆ ಎಡೆಯಿರಲಿಲ್ಲ. ‘ಚಂದಮಾಮ’ 1947ರಲ್ಲಿ ಶುರುವಾಯಿತೆನ್ನುವುದು ತೆಲುಗು, ತಮಿಳು ಆವೃತ್ತಿಗಳಿಗೆ ಸರಿ. ಕನ್ನಡದ ‘ಚಂದಮಾಮ’ ಬಂದದ್ದು 1949ರಲ್ಲಿ. ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕೂಸೆಂದೇ ಬರೆಯುವುದು ರೂಢಿ. ಆದರೆ ಪತ್ರಿಕೆಯ ಸಂಪುಟ ಸಂಖ್ಯೆಗಳನ್ನು ಹಿಂದಕ್ಕೆ ಎಣಿಸಿದರೆ 1978ರ ನವೆಂಬರಿಗೆ ಬಂದು ನಿಲ್ಲುತ್ತೇವೆ. ಪರಿಷತ್ತು ಸ್ಥಾಪನೆಯಾದದ್ದು 1980ರಲ್ಲಿ.

ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ತೊಡಕಿದೆ. ಅಚ್ಚಾದ ಹೆಸರಿನ ಕೆಳಗೆ ‘ತುಮಕೂರು ಜಿಲ್ಲೆ’ ಎಂದಷ್ಟೇ ಇದ್ದರೆ ಮಗು ತಿಪಟೂರಿನದೋ ಮಿಡಿಗೇಶಿಯದೋ ತಿಳಿಯುವುದಿಲ್ಲ. 1972ರಲ್ಲಿ ಪಿನ್ ಕೋಡ್ ಬಂದ ಮೇಲಿನ ವಿಳಾಸಗಳಲ್ಲಿ ಇದು ಅರ್ಧ ಬಗೆಹರಿಯುತ್ತದೆ. ಮಧುಗಿರಿ 572132, ಕೊರಟಗೆರೆ 572129, ಶಿರಾ 572137. ಪಾವಗಡ ಮಾತ್ರ 561202. ಪಿನ್ ನೋಡಿ ಜಿಲ್ಲೆ ವಿಂಗಡಿಸುವವರ ಕೈಯಿಂದ ಅದು ತಪ್ಪಿಸಿಕೊಳ್ಳುತ್ತದೆ. ನೆಲದ ಮೇಲೂ ಅದರ ಸ್ಥಿತಿ ಹಾಗೆಯೇ: ಮಧುಗಿರಿಗೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಸೀಮೆ ಅಡ್ಡ ಬರುತ್ತದೆ.

ಅಂಚೆಯ ಕಾಲ

ಓದುಗ ಮಕ್ಕಳನ್ನು ಬರಹಕ್ಕೆ ಕರೆಯುವ ಪದ್ಧತಿ ಹೊರಗೆ ಹಳೆಯದು. ಅಮೆರಿಕದ ‘ಸೇಂಟ್ ನಿಕೊಲಸ್’ ಪತ್ರಿಕೆ 1899ರಲ್ಲೇ ಓದುಗ ಮಕ್ಕಳ ಸಂಘ ಕಟ್ಟಿ ಒಳ್ಳೆಯ ಬರಹ, ಚಿತ್ರಗಳಿಗೆ ಚಿನ್ನ ಬೆಳ್ಳಿಯ ಬಿಲ್ಲೆ ಕೊಡುತ್ತಿತ್ತು. ಬಂಗಾಳಿಯಲ್ಲಿ 1913ರಲ್ಲಿ ಉಪೇಂದ್ರಕಿಶೋರ್ ರಾಯ್ ಆರಂಭಿಸಿದ ‘ಸಂದೇಶ್’ ಪತ್ರಿಕೆಗೆ 1961ರಲ್ಲಿ ಸತ್ಯಜಿತ್ ರಾಯ್ ಮರುಜೀವ ಕೊಟ್ಟ ಮೇಲೆ, ಎಳೆಯರು ಬರವಣಿಗೆಯಲ್ಲಿ ಕೈ ಪಳಗಿಸಿಕೊಳ್ಳಲೆಂದೇ ಒಂದು ಅಂಕಣ ನಡೆಯಿತು. ಕರ್ನಾಟಕದಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಖಿಲ ಕರ್ನಾಟಕ ಮಕ್ಕಳ ಕೂಟ ಮಕ್ಕಳಿಗೆ ಹಾಡು, ನಾಟಕಗಳ ವೇದಿಕೆ ಒದಗಿಸಿತು. ನಗರದ ಆ ಅನುಕೂಲ ಹೊಳವನಹಳ್ಳಿ, ಬುಕ್ಕಾಪಟ್ಟಣಗಳ ಮಗುವಿಗೆ ಎಟುಕುವಂಥದ್ದಾಗಿರಲಿಲ್ಲ. ಹಳ್ಳಿಯ ಮಗುವಿಗೆ ಎಟುಕಿದ್ದು ಪೋಸ್ಟ್ ಕಾರ್ಡು.

‘ಚಂದಮಾಮ’ದ ಶೀರ್ಷಿಕೆ ಸ್ಪರ್ಧೆ ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕಪಕ್ಕದಲ್ಲಿ ಎರಡು ಫೋಟೋ. ಎರಡಕ್ಕೂ ಒಂದೊಂದು ಚಿಕ್ಕ ಮಾತು ಬರೆಯಬೇಕು, ಎರಡೂ ಒಂದಕ್ಕೊಂದು ಜೋಡಿಯಾಗಬೇಕು, ಕಾರ್ಡಿನಲ್ಲೇ ಕಳಿಸಬೇಕು. ಒಂದರಲ್ಲಿ ಅಳುವ ಕೂಸು, ಇನ್ನೊಂದರಲ್ಲಿ ಬಾಯಿ ತುಂಬ ನಗುವ ಅಜ್ಜ ಇದ್ದರೆ ಎರಡನ್ನೂ ಹೊಂದಿಸುವ ಪ್ರಾಸವೋ ವಿರೋಧವೋ ಹೊಳೆಯಬೇಕಿತ್ತು. ಗೆದ್ದವರ ಹೆಸರು ವಿಳಾಸ ಮುಂದೆ ಅಚ್ಚಾಗುತ್ತಿತ್ತು, ಸಣ್ಣ ನಗದು ಬಹುಮಾನವೂ ಸಿಗುತ್ತಿತ್ತು. ಬಹುಮಾನಕ್ಕಿಂತ ಅಚ್ಚಾದ ವಿಳಾಸಕ್ಕೆ ಊರಿನಲ್ಲಿ ಬೆಲೆ ಜಾಸ್ತಿ. ಆದರೆ ಸ್ಪರ್ಧೆ ಮಕ್ಕಳಿಗಷ್ಟೇ ಮೀಸಲಾಗಿರಲಿಲ್ಲ, ದೊಡ್ಡವರೂ ಬರೆಯುತ್ತಿದ್ದರು. ಪತ್ರಿಕೆಯ ಕತೆಗಳೆಲ್ಲ ಮದರಾಸಿನಲ್ಲೇ ತಯಾರಾಗಿ ಹಲವು ಭಾಷೆಗಳಿಗೆ ಹೋಗುತ್ತಿದ್ದುದರಿಂದ ಕನ್ನಡದ ಮಗುವಿಗೆ ಅಲ್ಲಿ ಇದ್ದ ಜಾಗ ಆ ಎರಡು ಸಾಲು ಮಾತ್ರ. ‘ಚಂದಮಾಮ’ವನ್ನು ಮಕ್ಕಳ ಪಾಲ್ಗೊಳ್ಳುವಿಕೆಯ ಸುವರ್ಣಯುಗವೆಂದು ಹೊಗಳುವವರು ಇದನ್ನು ಮರೆಯುತ್ತಾರೆ. ಮುಂದೆ ಬಂದ ‘ಬಾಲಮಿತ್ರ’, ‘ಬಾಲಮಂಗಳ’, ‘ತುಂತುರು’ಗಳಲ್ಲಿ ಓದುಗರ ಸಂಖ್ಯೆ ಹೆಚ್ಚಿರಬಹುದು, ಪಾಲಿನ ಸ್ವರೂಪ ಹೆಚ್ಚೇನೂ ಬದಲಾಗಲಿಲ್ಲ: ಬಣ್ಣ ತುಂಬು, ಚುಕ್ಕಿ ಸೇರಿಸು, ದಾರಿ ಹುಡುಕು, ಉತ್ತರ ಕಳಿಸು.

ನಿಜವಾದ ತಿರುವನ್ನು ಪ್ರಶ್ನೆ ಕೇಳುವ ಅಂಕಣಗಳಲ್ಲಿ ಕಾಣಬಹುದು. 1983ರಲ್ಲಿ ಆರಂಭವಾದ ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಅಂಕಣದಲ್ಲಿ ಶಿವರಾಮ ಕಾರಂತರು ಮಕ್ಕಳ ಕಾಗದಗಳಿಗೆ ಉತ್ತರ ಬರೆದರು. ಇಲ್ಲಿ ವಿಷಯ ಆರಿಸುವವರು ಮಕ್ಕಳು, ಉತ್ತರ ಕೊಡಬೇಕಾದವರು ಹಿರಿಯರು. ಶೀರ್ಷಿಕೆ ಸ್ಪರ್ಧೆಯಲ್ಲಿ ಫೋಟೋ ಆರಿಸುತ್ತಿದ್ದವರು ಸಂಪಾದಕರು ಎಂಬುದನ್ನು ನೆನೆದರೆ ವ್ಯತ್ಯಾಸ ಗೊತ್ತಾಗುತ್ತದೆ. ‘ಬಾಲವಿಜ್ಞಾನ’ವೂ ಜೆ.ಆರ್. ಲಕ್ಷ್ಮಣರಾವ್ ಅವರ ಸಂಪಾದಕತ್ವದಲ್ಲಿ ಮನೆಯಲ್ಲೇ ಮಾಡಿ ನೋಡುವ ಪ್ರಯೋಗಗಳ ಕಡೆಗೆ ಮಕ್ಕಳನ್ನು ಎಳೆಯಿತು. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ರಾಜ್ಯದಲ್ಲಿ ನಡೆಸುತ್ತ ಬಂದದ್ದು ಅದೇ ವಿಜ್ಞಾನ ಪರಿಷತ್ತು. ತಮ್ಮ ಊರಿನ ಸಮಸ್ಯೆಯನ್ನೇ ಅಳೆದು ವರದಿ ಬರೆಯಬೇಕೆಂಬುದು ಅದರ ಕಟ್ಟಳೆ. ಕೊಳವೆಬಾವಿಯ ನೀರಿನ ಫ್ಲೋರೈಡ್ ಪಾವಗಡದ ಮಕ್ಕಳಿಗೆ ಪಠ್ಯದ ಪಾಠವಾಗಿರಲಿಲ್ಲ, ಹಲ್ಲಿನ ಮೇಲಿನ ಕಲೆಯಾಗಿತ್ತು.

ಗೋಡೆ ಪತ್ರಿಕೆ

ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳು ಬರೆದದ್ದರ ದೊಡ್ಡ ಪಾಲು ಅಚ್ಚಿಗೆ ಹೋಗಿಲ್ಲ, ಶಾಲೆಯ ಗೋಡೆಗೆ ಹೋಗಿದೆ. ಆದ್ದರಿಂದ ಅದರ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಒಂದು ಡ್ರಾಯಿಂಗ್ ಶೀಟು, ಪೆನ್ಸಿಲಿನಲ್ಲಿ ಎಳೆದು ಆಮೇಲೆ ಅಳಿಸುವ ಗೆರೆ, ಸ್ಕೆಚ್ ಪೆನ್ನಿನ ತಲೆಬರಹ, ನಾಲ್ಕು ಮೂಲೆಗೆ ಹೂಬಳ್ಳಿ. ಬರಹಗಳು ಬಿಡಿ ಹಾಳೆಗಳಲ್ಲಿ ಬರುತ್ತವೆ. ಮೇಷ್ಟರೋ ಮಿಸ್ಸೋ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುತ್ತಾರೆ. ಆಮೇಲೆ ತರಗತಿಯಲ್ಲಿ ಅಕ್ಷರ ಮುದ್ದಾಗಿರುವ ಒಬ್ಬಳು ಎಲ್ಲವನ್ನೂ ಶೀಟಿನ ಮೇಲೆ ನಕಲು ಮಾಡುತ್ತಾಳೆ. ಹೀಗಾಗಿ ಹತ್ತು ಹೆಸರಿನ ಪತ್ರಿಕೆಯಲ್ಲಿ ಕೈ ಒಂದೇ. ನಕಲು ಮಾಡಿದವಳ ಹೆಸರು ಎಲ್ಲೂ ಇರುವುದಿಲ್ಲ. ಪತ್ರಿಕೆಯ ಪುಟ ಕಟ್ಟಿದವಳು ಅವಳೇ ಆದರೂ.

ಈ ಹಾಳೆಗಳಲ್ಲಿ, ದಿನಪತ್ರಿಕೆಗಳ ಮಕ್ಕಳ ಪುಟಗಳಲ್ಲಿಯೂ, ಹೆಸರಿನ ಹಿಂದೆ ‘ರಚನೆ’ ಅಥವಾ ‘ಸಂಗ್ರಹ’ ಎಂದು ಬರೆಯುವ ರೂಢಿಯಿದೆ. ಗಾದೆ, ಒಗಟು, ನಗೆಹನಿ, ‘ನಿಮಗಿದು ಗೊತ್ತೇ?’ಗಳೆಲ್ಲ ಸಂಗ್ರಹ. ಇದನ್ನು ಮಕ್ಕಳ ಬರವಣಿಗೆಯೆಂದು ಎಣಿಸಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಹಳೆಯ ಸಂಚಿಕೆಯಿಂದ ಇಳಿಸಿಕೊಂಡ ನಗೆಹನಿಯನ್ನು ಕೈಬಿಡಬಹುದು. ಆದರೆ ಜನಪದ ವೀರ ಜುಂಜಪ್ಪನ ಕತೆಯನ್ನೋ ಊರ ಮಾರಮ್ಮನ ಜಾತ್ರೆಯ ಹಾಡನ್ನೋ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡು ಬಂದ ಶಿರಾ ಸೀಮೆಯ ಮಗುವಿನದೂ ಸಂಗ್ರಹವೇ. ಅದನ್ನು ಬಿಟ್ಟರೆ ನಷ್ಟ ನಮ್ಮದೇ. ಶಾಲೆಗಳು ಎರಡನ್ನೂ ಒಂದೇ ಹಣೆಪಟ್ಟಿಯಲ್ಲಿ ಹಾಕುತ್ತ ಬಂದಿರುವುದು ಸರಿಯಲ್ಲ.

ಗೋಡೆ ಪತ್ರಿಕೆಯನ್ನು ಮಕ್ಕಳೇ ಸಂಪಾದಿಸಿದ ಮಾದರಿ ಶಾಲೆಯ ಹೊರಗೆ ಬೆಳೆಯಿತೆಂಬುದು ಗಮನಿಸಬೇಕಾದ ಸಂಗತಿ. 1990ರಲ್ಲಿ ರೂಪುಗೊಂಡ ದುಡಿಯುವ ಮಕ್ಕಳ ‘ಭೀಮ ಸಂಘ’ದ ಜೊತೆ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆಯಿತ್ತು. ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ ಅಭಿವ್ಯಕ್ತಿಯನ್ನು ಮಗುವಿನ ಹಕ್ಕೆಂದು ಹೇಳಿತು. ಕರ್ನಾಟಕದಲ್ಲಿ 2006ರಿಂದ ನಡೆಯುತ್ತಿರುವ ಮಕ್ಕಳ ಗ್ರಾಮಸಭೆ ಅದೇ ದಾರಿಯ ಮುಂದಿನ ಹೆಜ್ಜೆ. ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯಕ್ಕೆ ನೀರಿಲ್ಲ ಎಂಬ ಮಾತು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗುತ್ತದೆ. ಅದೇ ಶಾಲೆಯ ಗೋಡೆ ಪತ್ರಿಕೆಯಲ್ಲಿ ಮಾತ್ರ ಪರಿಸರ ದಿನಾಚರಣೆಯ ಪದ್ಯವೇ ಇರುತ್ತದೆ. ಕೆಂಪು ಶಾಯಿ ಯಾರ ಕೈಯಲ್ಲಿದೆಯೋ ಪತ್ರಿಕೆ ಅವರದು.

ಮನೆಮಾತು

ಪಾವಗಡ ತಾಲ್ಲೂಕಿನ ಅನೇಕ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಿರಾದ ಉರ್ದು ಶಾಲೆಗಳ ಮಕ್ಕಳಿಗೆ ಉರ್ದು. ಗಡಿಯಾಚೆಯ ಮಡಕಶಿರಾ, ಅಮರಾಪುರಗಳ ಕಡೆ ಕನ್ನಡದ ಮನೆಗಳಿವೆ. ಮಕ್ಕಳ ಪತ್ರಿಕೆಗಳು ಇದನ್ನು ಗಣನೆಗೆ ತೆಗೆದುಕೊಂಡದ್ದು ಕಡಿಮೆ. ವೈ.ಎನ್. ಹೊಸಕೋಟೆಯ ಹುಡುಗ ತನ್ನ ಮಾತಿನ ಲಯದಲ್ಲೇ ಕನ್ನಡ ಬರೆದರೆ ಅದು ತಪ್ಪೆಂದು ತಿದ್ದಿಸಿಕೊಳ್ಳುತ್ತದೆ. ಮಗುವಿನ ಬರಹಕ್ಕೆ ಹೆಚ್ಚು ಎಡೆ ಕೊಟ್ಟ ಪತ್ರಿಕೆಗಳೂ ಇಲ್ಲದಿಲ್ಲ. ಭೋಪಾಲದ ಹಿಂದಿ ಮಕ್ಕಳ ಪತ್ರಿಕೆ ‘ಚಕಮಕ್’ (1985) ಮಕ್ಕಳ ಬರಹಕ್ಕೆಂದು ಪುಟ ಮೀಸಲಿಟ್ಟಿತು. ಕನ್ನಡದಲ್ಲಿ ಧಾರವಾಡದ ‘ಗುಬ್ಬಚ್ಚಿ ಗೂಡು’ ಬಳಗ ಹಳ್ಳಿ ಶಾಲೆಗಳ ಕಡೆಗೆ ಮುಖ ಮಾಡಿತು.

ಈಚಿನ ಸ್ಥಿತಿ

‘ಚಂದಮಾಮ’ ನಿಂತಿದೆ, ‘ಬಾಲಮಂಗಳ’ವೂ ಇಲ್ಲ. ಕೊರೊನಾ ಕಾಲದಿಂದೀಚೆಗೆ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪಿನಲ್ಲಿ ಕಳಿಸುವುದೇ ಹೆಚ್ಚು. ಲಕೋಟೆಯ ಖರ್ಚು ಉಳಿದಿದೆ. ಆದರೆ ಫೋನು ಶಿಕ್ಷಕರದೋ ತಂದೆಯದೋ ಆಗಿರುವುದರಿಂದ ಕಾರ್ಡು ಬರೆದು ಡಬ್ಬಿಗೆ ತಾನೇ ಹಾಕುತ್ತಿದ್ದ ಮಗುವಿನ ಸ್ವಾತಂತ್ರ್ಯ ತುಸು ಕಡಿಮೆಯಾಗಿದೆ. 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಹಳ್ಳಿಯ ಮಗುವಿಗೆ ಪತ್ರಿಕೆ ಕೈಗೆ ಸಿಗುವ ಜಾಗ ಈಗ ಈ ಗ್ರಂಥಾಲಯವೇ.

ಗೋಡೆ ಪತ್ರಿಕೆಗೆ ಇಂಥ ಜಾಗವಿಲ್ಲ. ಹೊಸ ಶೀಟು ಏರಿದೊಡನೆ ಹಳೆಯದು ರದ್ದಿಗೆ ಹೋಗುತ್ತದೆ, ಅನೇಕ ಶೀಟುಗಳ ಮೇಲೆ ತಾರೀಖೂ ಇರುವುದಿಲ್ಲ. ಶಾಲೆಗಳವರು ತಾರೀಖು, ಊರು, ಬರೆದವರ ಮತ್ತು ನಕಲು ಮಾಡಿದವರ ಹೆಸರು ಹಾಕಿ, ಇಳಿಸಿದ ಶೀಟನ್ನು ತಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಒಪ್ಪಿಸಬೇಕು.