ಬೆಂಕಿಯ ಪುಸ್ತಕಕ್ಕೆ ಬಿದ್ದ ಕತ್ತರಿ

1967ರಲ್ಲಿ ಅಮೆರಿಕದ ಬ್ಯಾಲಂಟೈನ್ ಎಂಬ ಪ್ರಕಾಶನ ಸಂಸ್ಥೆ ಹೈಸ್ಕೂಲು ಮಕ್ಕಳಿಗೆಂದೇ ಒಂದು ಕಾದಂಬರಿಯ ಬೇರೆ ಮುದ್ರಣ ತಂದಿತು. ಪುಸ್ತಕ ಸುಡುವ ಪ್ರಭುತ್ವವೊಂದರ ಕತೆ ಅದು. ಮಕ್ಕಳ ಕೈಗೆ ಕೊಡುವ ಮೊದಲು ಸಂಸ್ಥೆಯವರು ಅದರಲ್ಲಿ ಸುಮಾರು 75 ಕಡೆ ಕತ್ತರಿ ಆಡಿಸಿದರು. ಬರೆದವನನ್ನು ಕೇಳಲಿಲ್ಲ. ಕತ್ತರಿಸಿದ್ದೇವೆ ಅಂತ ಪುಸ್ತಕದ ಯಾವ ಮೂಲೆಯಲ್ಲೂ ಒಂದು ಸಾಲು ಹಾಕಲಿಲ್ಲ. ಮಕ್ಕಳು ಅದನ್ನೇ ಓದಿದರು, ಮೇಷ್ಟ್ರುಗಳು ಅದನ್ನೇ ಪಾಠ ಮಾಡಿದರು, ಪ್ರಶ್ನೆಗೆ ಉತ್ತರ ಬರೆಸಿದರು. ಸೆನ್ಸಾರ್ ಎಷ್ಟು ಕೆಟ್ಟದ್ದು ಅನ್ನೋದನ್ನ ಸೆನ್ಸಾರ್ ಆದ ಪುಸ್ತಕದಿಂದ ಕಲಿಸಿದರು. ಬರೆದವನಿಗೆ ಇದು ತಿಳಿದದ್ದು ಹನ್ನೆರಡು ವರ್ಷದ ಮೇಲೆ.

ಈ ಚರಿತ್ರೆಯನ್ನು ನಾನು ಕೆದಕೋದಕ್ಕೆ ಕಾರಣ ಇದೆ. ನಾನು ವಾರಕ್ಕೆ ಮೂರು ಸಂಜೆ ಒಂದು ಹಾಸ್ಟೆಲಿನ ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಪಾಠ ಮುಗಿದ ಮೇಲೆ ಕತೆ. ಈ ಸಲ ಹಿಡಿದದ್ದು ರೇ ಬ್ರಾಡ್ಬರಿಯ 'ಫ್ಯಾರನ್‌ಹೀಟ್ 451'. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದೋದು, ಆಮೇಲೆ ನಮ್ಮ ಮಾತಲ್ಲಿ ಹೇಳೋದು. ಮೊದಲ ಸಂಜೆಯೇ ನನಗೆ ಒಂದು ಮುಜುಗರ ಆಯಿತು. ನಮ್ಮಪ್ಪ ಹೆಬ್ಬೆಟ್ಟು ಒತ್ತುವವನು. ನಮ್ಮ ಮನೆಗೆ ಬಂದ ಮೊದಲ ಪುಸ್ತಕ ಸ್ಕೂಲಿನವರು ಬಿಟ್ಟಿ ಕೊಟ್ಟ ಒಂದನೇ ಕ್ಲಾಸಿನ ಪಠ್ಯಪುಸ್ತಕ. ಈ ಹುಡುಗರ ಮನೆಗಳೂ ಹೆಚ್ಚುಕಮ್ಮಿ ಹಾಗೇನೇ. ಸರ್ಕಾರ ಬಂದು ಮನೆಯ ಪುಸ್ತಕ ಸುಡುತ್ತೆ ಅಂದರೆ ನಮ್ಮಂಥವರಿಗೆ ಏನು ಅನ್ನಿಸಬೇಕು? ಸುಡೋದಕ್ಕೆ ಮನೇಲಿ ಪುಸ್ತಕ ಇರಬೇಕಲ್ಲ.

ಇಂಥ ಕತೆಗಳಿಗೆ ಡಿಸ್ಟೋಪಿಯ ಅಂತ ಹೆಸರು. ಕೇಡುಗಾಲದ ಕತೆ ಅಂದುಕೊಳ್ಳಿ. ಇವತ್ತು ಕಾಣುವ ಒಂದು ಕೇಡನ್ನು ನಾಳೆಗೆ ಎಳೆದು, ಬೆಳೆಸಿ ತೋರಿಸೋದು. ರಷ್ಯಾದ ಜಮ್ಯಾಟಿನ್ 1920ರ ಸುಮಾರಿಗೆ 'ನಾವು' ಬರೆದ. ಅದು 1924ರಲ್ಲಿ ಇಂಗ್ಲಿಷಿಗೆ ಹೋಗಿ ನ್ಯೂಯಾರ್ಕಿನಲ್ಲಿ ಅಚ್ಚಾಯಿತು, ಅವನ ಸ್ವಂತ ನೆಲದಲ್ಲಿ ಅಚ್ಚಾಗೋಕೆ 1988ರವರೆಗೆ ಕಾಯಬೇಕಾಯಿತು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್‌ನ '1984' ಬಂದದ್ದು 1949ರಲ್ಲಿ. ಬ್ರಾಡ್ಬರಿಯ ಕಾದಂಬರಿ 1953ರದು.

ಬ್ರಾಡ್ಬರಿ ಉಳ್ಳವರ ಮನೆ ಹುಡುಗನಲ್ಲ. 1920ರಲ್ಲಿ ಹುಟ್ಟಿದವನು. 1938ರಲ್ಲಿ ಹೈಸ್ಕೂಲು ಮುಗಿಸಿದಾಗ ಕಾಲೇಜಿಗೆ ಹೋಗಲು ಕಾಸಿಲ್ಲ. ಲಾಸ್ ಏಂಜಲೀಸಿನ ಬೀದಿ ಮೂಲೆಯಲ್ಲಿ ನಿಂತು ಪೇಪರ್ ಮಾರಿದ. ಓದಿದ್ದೆಲ್ಲ ಸಾರ್ವಜನಿಕ ಲೈಬ್ರರಿಯಲ್ಲಿ. ಈ ಕಾದಂಬರಿಯ ಮೊದಲ ರೂಪವನ್ನು ಬರೆದದ್ದೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾವೆಲ್ ಲೈಬ್ರರಿಯ ನೆಲಮಾಳಿಗೆಯಲ್ಲಿ. ಅಲ್ಲಿ ಬಾಡಿಗೆ ಟೈಪ್‌ರೈಟರುಗಳಿದ್ದವು. ಹತ್ತು ಸೆಂಟಿನ ನಾಣ್ಯ ಹಾಕಿದರೆ ಅರ್ಧ ಗಂಟೆ ಓಡೋದು. ನಾಣ್ಯ ಮುಗಿಯುವುದರೊಳಗೆ ಬಡಿಯಬೇಕು. ಒಟ್ಟು 9 ಡಾಲರ್ 80 ಸೆಂಟ್ ಖರ್ಚಾಯಿತು ಅಂತ ಆತನೇ ಲೆಕ್ಕ ಹೇಳ್ತಿದ್ದ. ಈ ನಾಣ್ಯದ ಕತೆ ನಮ್ಮ ಹುಡುಗರಿಗೆ ಕಾದಂಬರಿಗಿಂತ ಹೆಚ್ಚು ಹಿಡಿಸಿತು. ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೂತು ಸ್ಕಾಲರ್‌ಶಿಪ್ ಅರ್ಜಿ ತುಂಬಿದವರು ಅವರು.

ಅಮೆರಿಕದಲ್ಲಿ ಆಗ ಎಂಥ ಕಾಲ? ಹಿಟ್ಲರನ ಹಿಂಬಾಲಕರು 1933ರ ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ಪುಸ್ತಕದ ರಾಶಿಗೆ ಬೆಂಕಿ ಇಟ್ಟದ್ದನ್ನು ಕಂಡು ಛೀ ಥೂ ಅಂದ ದೇಶವೇ 1953ರ ಹೊತ್ತಿಗೆ ಕಮ್ಯುನಿಸ್ಟರ ಬೇಟೆಗೆ ಇಳಿದಿತ್ತು. ಸೆನೆಟರ್ ಮೆಕಾರ್ಥಿಯ ಕಡೆಯವರು ಪರದೇಶಗಳಲ್ಲಿದ್ದ ಅಮೆರಿಕದ ಲೈಬ್ರರಿಗಳನ್ನು ಜಾಲಾಡಿದರು. ಹೆದರಿದ ಅಧಿಕಾರಿಗಳು ಪುಸ್ತಕ ಕಿತ್ತುಹಾಕಿದರು, ಕೆಲವನ್ನು ಸುಟ್ಟೂ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾದಂಬರಿ ಬಂತು. ಕಾಗದ ಹೊತ್ತಿಕೊಳ್ಳುವ ಶಾಖವೇ ಅದರ ಹೆಸರು. ನಮ್ಮ ಲೆಕ್ಕದಲ್ಲಿ 233 ಡಿಗ್ರಿ ಸೆಲ್ಸಿಯಸ್. 200 ಪ್ರತಿಗಳಿಗೆ ಬೆಂಕಿ ತಾಗದ ಆಸ್ಬೆಸ್ಟಾಸ್ ರಟ್ಟು ಹಾಕಿಸಿ ಸಹಿ ಮಾಡಿ ಮಾರಿದರು. ವ್ಯಾಪಾರಿ ಬುದ್ಧಿ ಎಲ್ಲಿ ಬಿಡುತ್ತೆ!

ಕತೆ ಹೀಗೆ: ಮಾಂಟಾಗ್ ಅಗ್ನಿಶಾಮಕ ದಳದವನು. ಅವನ ಕಾಲದಲ್ಲಿ ಆ ದಳದ ಕೆಲಸ ಬೆಂಕಿ ಆರಿಸೋದಲ್ಲ, ಪುಸ್ತಕ ಸಿಕ್ಕಿದ ಮನೆಗೆ ಬೆಂಕಿ ಇಡೋದು. ಅವನ ಹೆಂಡತಿ ಮೂರು ಗೋಡೆ ತುಂಬ ಟೀವಿ ಹಾಕಿಸಿಕೊಂಡು ನಾಲ್ಕನೇ ಗೋಡೆಗೂ ಬೇಕು ಅಂತ ಪೀಡಿಸ್ತಾಳೆ. ರಾತ್ರಿಯೆಲ್ಲ ಕಿವಿಗೆ ಚಿಪ್ಪಿನಂಥ ಸಣ್ಣ ರೇಡಿಯೋ ಸಿಕ್ಕಿಸಿಕೊಂಡೇ ಮಲಗ್ತಾಳೆ. ಇಲ್ಲಿಗೆ ಬಂದಾಗ ಹುಡುಗರೆಲ್ಲ ತಿರುಗಿ ಹಿಂದಿನ ಸಾಲಿನ ಒಬ್ಬನ ಕಿವಿ ನೋಡಿ ನಕ್ಕರು. ದಳದ ಮುಖ್ಯಸ್ಥ ಬೀಟಿ ಬಲು ಬುದ್ಧಿವಂತ, ಓದಿಕೊಂಡವನು. ಅವನು ಮಾಂಟಾಗ್‌ಗೆ ಒಳಗುಟ್ಟು ಹೇಳ್ತಾನೆ: ಇದನ್ನು ಶುರು ಮಾಡಿದ್ದು ಸರ್ಕಾರ ಅಲ್ಲ. ಜನ ಮೊದಲು ಓದೋದು ಬಿಟ್ಟರು. ಪುಸ್ತಕ ಸಾರಾಂಶ ಆಯಿತು, ಸಾರಾಂಶ ಎರಡು ಸಾಲಾಯಿತು. ಆ ಪಂಗಡಕ್ಕೆ ಈ ಮಾತು ಬೇಡ, ಈ ಪಂಗಡಕ್ಕೆ ಆ ಮಾತು ಬೇಡ ಅಂತ ಒಂದೊಂದೇ ತೆಗೆದರು. ಬೆಂಕಿ ಬಂದದ್ದು ಕೊನೆಗೆ.

ಇನ್ನು ಕತ್ತರಿಯ ಮಾತು. 1967ರ ಶಾಲಾ ಮುದ್ರಣದಲ್ಲಿ ಏನೇನು ಹೋಯಿತು ಅಂತ ನೋಡಿದರೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ನರಕ, ಹಾಳಾಗಲಿ ಅನ್ನೋ ಥರದ ಮಾಮೂಲಿ ಬೈಗುಳ ಹೋದವು. ಗರ್ಭಪಾತ ಅನ್ನೋ ಶಬ್ದ ಹೋಯಿತು. ಒಂದು ಕಡೆ ಬರುವ ಕುಡುಕ, ಕಾಯಿಲೆಯವನಾದ. ಹೊಕ್ಕುಳಿನ ಕೊಳೆ ತೆಗೆಯುವ ಮಾತು ಕಿವಿ ಸ್ವಚ್ಛ ಮಾಡುವ ಮಾತಾಯಿತು. ಮಕ್ಕಳಿಗೆ ಹೊಕ್ಕುಳು ಇಲ್ಲವೇನೋ! ಯಾವ ಪೊಲೀಸನೂ ಬಂದಿರಲಿಲ್ಲ, ಯಾವ ಕಾನೂನೂ ಹೇಳಿರಲಿಲ್ಲ. ಶಾಲೆಗಳು ದೊಡ್ಡ ಗಿರಾಕಿ. ಅವು ತಕರಾರು ತೆಗೆಯದ ಹಾಗೆ ಮೊದಲೇ ಸವರಿ ಕೊಟ್ಟರು, ಅಷ್ಟೇ. ಆರು ವರ್ಷ ದೊಡ್ಡವರ ಪುಸ್ತಕ ಬೇರೆ, ಮಕ್ಕಳ ಪುಸ್ತಕ ಬೇರೆ ಅಂತ ನಡೆಯಿತು. 1973ರಿಂದ ದೊಡ್ಡವರಿಗೂ ಕತ್ತರಿಸಿದ್ದನ್ನೇ ಅಚ್ಚು ಹಾಕತೊಡಗಿದರು. 1979ರವರೆಗೆ ಆ ಸಂಸ್ಥೆಯಿಂದ ಹೊಸದಾಗಿ ಕೊಂಡವರಿಗೆಲ್ಲ ಸಿಕ್ಕಿದ್ದು ಅದೇ. ಮಕ್ಕಳ ಒಳಿತಿನ ಹೆಸರಲ್ಲಿ ಶುರುವಾದ ಕತ್ತರಿ ಊರಿಗೆಲ್ಲ ಆಯಿತು.

ಹಿಡಿದುಕೊಟ್ಟವರು ಯಾರು ಗೊತ್ತೇ? ಇದರ ಬಗ್ಗೆ ವಿದ್ಯಾರ್ಥಿಗಳೇ ತನಗೆ ಕಾಗದ ಬರೆದರು ಅಂತ ಬ್ರಾಡ್ಬರಿ 1979ರಲ್ಲಿ ಹೇಳಿಕೊಂಡ. ಯಾರಿಗಾಗಿ ಕತ್ತರಿಸಿದ್ದರೋ ಅವರೇ! ಸಂಸ್ಥೆಯವರು ಮೊದಲಿನಿಂದ ಮೊಳೆ ಜೋಡಿಸಿ ಇಡೀ ಪುಸ್ತಕವನ್ನು ಮತ್ತೆ ತಂದರು. ಅದಕ್ಕೆ ಬ್ರಾಡ್ಬರಿ ಉರಿದುಬಿದ್ದು ಒಂದು ಹಿನ್ನುಡಿ ಬರೆದ.

ಈ ಹಿನ್ನುಡಿಯ ಬಗ್ಗೆ ನನ್ನ ಜಗಳ ಇದೆ. ಕತ್ತರಿ ಆಡಿಸಿದ್ದು ಲಾಭ ಬಯಸಿದ ಸಂಸ್ಥೆ. ಬ್ರಾಡ್ಬರಿಯ ಸಿಟ್ಟು ಅಲ್ಲಿಗೆ ನಿಲ್ಲದೆ ಅಲ್ಪಸಂಖ್ಯಾತರ ಕಡೆಗೆಲ್ಲ ಹರಿಯುತ್ತೆ. ಕಾದಂಬರಿಯಲ್ಲಿ ಬೀಟಿಯ ಬಾಯಲ್ಲಿ ಬಂದದ್ದೂ ಇದೇ ವಾದ, ಅದರಲ್ಲಿ ಕಪ್ಪು ಜನರ ತಕರಾರೂ ಒಂದು. ಎಲ್ಲ ಪಂಗಡವೂ ಒಂದೊಂದು ಬೆಂಕಿಕಡ್ಡಿ ಹಿಡಿದು ನಿಂತಿದೆ ಅನ್ನೋದು ಆತನ ಎಣಿಕೆ. ಅಲ್ಲ ಸ್ವಾಮಿ, ಎಲ್ಲರ ಕೈಲೂ ಒಂದೇ ಥರದ ಕಡ್ಡಿ ಇತ್ತೇ? ತನ್ನನ್ನು ಹೀನವಾಗಿ ಬರೆದ ಪುಸ್ತಕ ಕಂಡು ನೋವಾಯಿತು ಅನ್ನುವವನೂ, ಅಚ್ಚಿನ ಯಂತ್ರ ಇಟ್ಟುಕೊಂಡು ಕೂತವನೂ ಒಂದೇ ತಕ್ಕಡಿಗೇ?

ಬ್ರಾಡ್ಬರಿ ಬಡವನಾದರೂ ಬಿಳಿಯ. ಅವನಿಗೆ ಲೈಬ್ರರಿಯ ಬಾಗಿಲು ತೆರೆದಿತ್ತು. ಅದೇ ದೇಶದ ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ಊರಿಗೆ ಬನ್ನಿ. 1961ರ ಮಾರ್ಚ್ 27. ಟೂಗಲೂ ಕಾಲೇಜಿನ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಮೊದಲು ಕಪ್ಪು ಜನಕ್ಕೆಂದು ಬೇರೆ ಮಾಡಿದ್ದ ಲೈಬ್ರರಿಗೆ ಹೋಗಿ, ಅಲ್ಲಿ ಇರದ ಪುಸ್ತಕ ಕೇಳಿದರು. ಇಲ್ಲ ಅನ್ನಿಸಿಕೊಂಡು ಬಿಳಿಯರ ಲೈಬ್ರರಿಗೆ ನಡೆದರು. ಕೂತು ಓದತೊಡಗಿದರು. ಪೊಲೀಸರು ಬಂದು ಎದ್ದು ಹೋಗಿ ಅಂದರು, ಏಳಲಿಲ್ಲ. ಹಿಡಿದು ಜೈಲಿಗೆ ಹಾಕಿದರು. ಓದಿದ್ದೇ ತಪ್ಪು! ಇನ್ನೂ ಹಿಂದೆ ಹೋದರೆ, ಗುಲಾಮರಿಗೆ ಬರೆಯಲು ಕಲಿಸಿದವರಿಗೆ ದಂಡ ಹಾಕುವ ಕಾನೂನನ್ನು ದಕ್ಷಿಣ ಕ್ಯಾರೊಲಿನಾ 1740ರಲ್ಲೇ ಮಾಡಿತ್ತು. ಇದು ಸುಡುವುದಕ್ಕಿಂತ ಹಳೆಯ, ಸುಡುವುದಕ್ಕಿಂತ ಅಗ್ಗದ ಸೆನ್ಸಾರ್. ಅಕ್ಷರವನ್ನೇ ಕೊಡದಿದ್ದರೆ ಬೆಂಕಿಪೊಟ್ಟಣದ ಖರ್ಚೂ ಉಳೀತು. ಬ್ರಾಡ್ಬರಿಯ ಕಾದಂಬರಿಯಲ್ಲಿ ಈ ಅಧ್ಯಾಯ ಇಲ್ಲ. ಪಾಠ ಮಾಡುವ ಮೇಷ್ಟ್ರುಗಳು ಇದನ್ನ ಸೇರಿಸಿ ಹೇಳಬೇಕು. ಇಲ್ಲದಿದ್ದರೆ ಪುಸ್ತಕದ ಕಪಾಟು ಇದ್ದ ಮನೆಯವರ ದುಃಖ ಮಾತ್ರ ದುಃಖ ಅಂತ ಮಕ್ಕಳು ತಿಳೀತಾರೆ.

1979ರಲ್ಲಿ ಬುದ್ಧಿ ಬಂತು ಅಂದುಕೊಂಡರೆ ಅದೂ ಇಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಇದೇ ಕಾದಂಬರಿಯ ಪ್ರತಿಗಳಲ್ಲಿ ಬೈಗುಳಗಳ ಮೇಲೆ ಕಪ್ಪು ಮಸಿ ಬಳಿದಿತ್ತು. ತಂದೆತಾಯಿಗಳು ಪತ್ರಿಕೆಗೆ ಹೋದ ಮೇಲೆ ಶಾಲೆ ಆ ಪ್ರತಿಗಳನ್ನು ಕೈಬಿಟ್ಟಿತು. ಮಸಿ ಬಳಿದರೆ ಒಂದು ಉಪಕಾರ ಉಂಟು. ಇಲ್ಲಿ ಏನೋ ಇತ್ತು ಅಂತ ಮಗುವಿಗೆ ಗೊತ್ತಾಗುತ್ತೆ, ಬೆಳಕಿಗೆ ಹಿಡಿದು ನೋಡುತ್ತೆ.

2009ರ ಜುಲೈನಲ್ಲಿ ಆದದ್ದೇ ಬೇರೆ. ಅಮೆಜಾನ್ ಕಂಪನಿ ಕಿಂಡಲ್ ಅನ್ನೋ ಓದುವ ಯಂತ್ರ ಮಾರುತ್ತಿತ್ತು. ಅದರಲ್ಲಿ ಜನ ಕಾಸು ಕೊಟ್ಟು ಕೊಂಡಿದ್ದ ಆರ್ವೆಲ್‌ನ '1984', 'ಅನಿಮಲ್ ಫಾರ್ಮ್' ಎರಡೂ ಒಂದು ದಿನ ತಾವೇ ಮಾಯವಾದವು. ಮಾರಲು ಇಟ್ಟವರಿಗೆ ಅದರ ಹಕ್ಕು ಇರಲಿಲ್ಲ, ಅದಕ್ಕೆ ಕಂಪನಿ ಕೂತಲ್ಲಿಂದಲೇ ಅಳಿಸಿ ದುಡ್ಡು ವಾಪಸ್ ಹಾಕಿತು. ಹಳೆಯ ಸುದ್ದಿಗಳನ್ನು ಕಿಂಡಿಯಲ್ಲಿ ಹಾಕಿ ಸುಡುವ ಕಚೇರಿಯ ಕತೆಯೇ '1984'. ಮಿಷಿಗನ್ ರಾಜ್ಯದ 17 ವರ್ಷದ ಒಬ್ಬ ಹೈಸ್ಕೂಲು ಹುಡುಗ ರಜೆಯ ಹೋಂವರ್ಕಿಗೆ ಅದನ್ನೇ ಓದುತ್ತ ಅದರ ಮೇಲೆಯೇ ಟಿಪ್ಪಣಿ ಬರೆದುಕೊಂಡಿದ್ದ. ಟಿಪ್ಪಣಿ ಇದ್ದವು, ಯಾವ ಸಾಲಿನ ಮೇಲೆ ಬರೆದದ್ದೋ ಆ ಸಾಲೇ ಇಲ್ಲ. ಕೋರ್ಟಿಗೆ ಹೋದ. ಕಂಪನಿಯ ಯಜಮಾನ ಜೆಫ್ ಬೆಜೋಸ್ ಕ್ಷಮೆ ಕೇಳಿದ, 1,50,000 ಡಾಲರಿಗೆ ರಾಜಿ ಆಯಿತು.

ಇದನ್ನು ಬಿಡಿಸಿ ಹೇಳೋಣ ಅಂತ ನಾನು ಬಾಯಿ ತೆಗೆಯುವ ಮೊದಲೇ ಹುಡುಗನೊಬ್ಬ, "ವಾಟ್ಸಾಪಲ್ಲಿ ಕಳಿಸಿದ್ದ ಎಲ್ಲರ ಫೋನಿಂದ್ಲೂ ಅಳಿಸಿಬಿಡ್ತಾರಲ್ಲ ಅಣ್ಣ, ಅಂಗೇಯಾ?" ಅಂದ. ಹಂಗೇನೇ. ಆದರೆ ಅಲ್ಲಿ ಮೆಸೇಜು ಅಳಿಸಿದೆ ಅಂತ ಗುರುತು ಉಳಿಯುತ್ತೆ, ಅಂತ ಇನ್ನೊಬ್ಬ ತಿದ್ದಿದ. ಬ್ರಾಡ್ಬರಿ ಬಹಳ ಕಾಲ ತನ್ನ ಪುಸ್ತಕವನ್ನು ಯಂತ್ರಕ್ಕೆ ಕೊಡಲು ಒಪ್ಪಲಿಲ್ಲ. 2011ರಲ್ಲಿ, ಸಾಯುವ ಹಿಂದಿನ ವರ್ಷ, ಒಪ್ಪಿದ. ಲೈಬ್ರರಿಗಳಿಗೂ ಸಿಗಬೇಕು ಅಂತ ಪಟ್ಟು ಹಿಡಿದನಂತೆ. ಪೇಪರ್ ಮಾರಿದ ಹುಡುಗ ಅದೊಂದನ್ನು ಮರೆತಿರಲಿಲ್ಲ.

ಕಾದಂಬರಿಯ ಕೊನೆಗೆ ಊರ ಹೊರಗೆ ಒಂದು ಗುಂಪು ಇರುತ್ತೆ. ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿ ಇಟ್ಟುಕೊಂಡವರು. ಇದು ಮಕ್ಕಳಿಗೆ ಅಚ್ಚರಿ ತರುತ್ತೆ ಅಂತ ಕಾದಿದ್ದೆ. ಯಾರೂ ಬೆರಗಾಗಲಿಲ್ಲ. "ನಮ್ ತಾತ ನೀಲಗಾರರು. ರಾತ್ರಿಯೆಲ್ಲಾ ಮಂಟೇಸ್ವಾಮಿ ಕತೆ ಹೇಳೋರು, ಓದೋಕೇ ಬರ್ತಿರ್ಲಿಲ್ಲ" ಅಂದ ಒಬ್ಬ. ಊರ ಹೊರಗೆ ಇರೋದು, ಬಾಯಲ್ಲಿ ಪುಸ್ತಕ ಇಟ್ಟುಕೊಳ್ಳೋದು, ಇದು ಅವನಿಗೆ ಕೇಡುಗಾಲದ ಕತೆಯಲ್ಲ, ತಾತನ ಕತೆ.

ಆಮೇಲೆ ಬಂತು ನಾನು ಹೆದರಿದ್ದ ಪ್ರಶ್ನೆ. "ಅಣ್ಣ, ಬಾಬಾಸಾಹೇಬ್ರೂ ಬುಕ್ಕು ಸುಟ್ರಲ್ವಾ?"

1927ರ ಡಿಸೆಂಬರ್ 25, ಮಹಾಡ್. ಮನುಸ್ಮೃತಿ. ಆ ರಾತ್ರಿ ನಾನು ಉತ್ತರ ಕೊಡಲಿಲ್ಲ, ನಾಳೆ ಹೇಳ್ತೀನಿ ಅಂದೆ. ಮಾರನೇ ಸಂಜೆ ಹೇಳಿದ್ದು ಇಷ್ಟು: ಮಾಂಟಾಗ್ ಸರ್ಕಾರದ ಸಂಬಳ ತಿಂದು ಸುಡ್ತಾನೆ, ಯಾರ ಮನೇಲೂ ಒಂದು ಪ್ರತಿ ಉಳೀಬಾರದು ಅಂತ ಸುಡ್ತಾನೆ. ಮಹಾಡ್‌ನಲ್ಲಿ ಸುಟ್ಟವರು ಆ ಪುಸ್ತಕದ ಕಟ್ಟಳೆಯಲ್ಲಿ ಅಕ್ಷರ ಕಳಕೊಂಡವರು, ಕೆರೆಯ ನೀರನ್ನೂ ಮುಟ್ಟಬಾರದು ಅನ್ನಿಸಿಕೊಂಡವರು. ಯಾರ ಕಪಾಟಿಗೂ ಕೈ ಹಾಕಲಿಲ್ಲ. ಅದನ್ನು ಓದಿದವರಿಗೆ ಶಿಕ್ಷೆ ಅನ್ನಲಿಲ್ಲ. ಅಂಬೇಡ್ಕರರು ಅದನ್ನು ಸಾಲು ಸಾಲು ಓದಿ, ಎತ್ತಿ ಹೇಳಿ ಜಗಳ ಆಡಿದರು. ಪುಸ್ತಕಗಳಿಗೆ ಜಾಗ ಆಗಲಿ ಅಂತಲೇ ಮುಂಬೈಯಲ್ಲಿ ರಾಜಗೃಹ ಕಟ್ಟಿಸಿದ ಮನುಷ್ಯ.

"ಆದ್ರೂ ಬೆಂಕಿ ಬೆಂಕೀನೇ ಅಲ್ವಾ?" ಅಂದ ಅವನು. ಅವನನ್ನು ಬಾಯಿ ಮುಚ್ಚಿಸೋದು ನನ್ನ ಕೈಲಿತ್ತು. ಮುಚ್ಚಿಸಿದ್ದರೆ ನಾನು ಯಾವ ದಳದವನಾಗ್ತಿದ್ದೆ? ಪಕ್ಕದವನು ಕೇಳಿದ, "ಆ ಮನುಸ್ಮೃತಿ ಈಗ್ಲೂ ಸಿಗುತ್ತಾ ಅಣ್ಣ?" ಸಿಗುತ್ತೆ, ಅಂಗಡೀಲಿ ಸಿಗುತ್ತೆ ಅಂದೆ. ಇಬ್ಬರೂ ಜಗಳಕ್ಕೆ ಬಿದ್ದರು, ಊಟದ ಗಂಟೆ ಹೊಡೆಯುವವರೆಗೂ ಬಿಡಲಿಲ್ಲ.

ಏಳುವಾಗ ಇನ್ನೊಂದು ಸಂಗತಿ ಹೇಳಿದೆ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ನೋಡಿ ಗಾಬರಿಯಾಗಿ, ಕೆಲವು ಭಾಗ ತೆಗೆಯಿರಿ ಅಂದರು. ಇವರು ಏನನ್ನೂ ತೆಗೆಯಲು ಒಪ್ಪಲಿಲ್ಲ. ಸಭೆಯೇ ನಿಂತಿತು. ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು.

"ಯಾವ ಭಾಗ ತೆಗೀರಿ ಅಂದ್ರಂತೆ?" ಅಂದರು ಹುಡುಗರು. ಶುಕ್ರವಾರ ಆ ಪುಸ್ತಕ ತರ್ತೀನಿ ಅಂದಿದೀನಿ.